ಶಾಲೆ ಬಿಟ್ಟವರನ್ನು ಬೆಳೆಸಿದ್ದು ಹಟವೊಂದೇ ಅಲ್ಲ

ಎಸ್ಸೆಸ್ಸೆಲ್ಸಿ ಫೇಲಾದವರು ಕೋಟಿ ಸಂಪಾದಿಸಿದ ಕತೆಗಳು ಈಗ ದಿನಾ ಮೊಬೈಲಿಗೆ ಬರುತ್ತವೆ. ಎಲ್ಲದರಲ್ಲೂ ಒಂದೇ ಮಾತು: ಓದದಿದ್ದರೇನು, ಹಟ ಇದ್ದರೆ ಸಾಕು. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಉಡುಪಿ ಕಡೆಯಿಂದ ಮುಂಬಯಿಗೆ ಬಂದವನು. ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುತ್ತಾ ಶುರುಮಾಡಿ, ಕೊನೆಗೆ ಸ್ವಂತ ಹೋಟೆಲು ನಡೆಸಿದವನು. ಹಟ ಸಾಲುವುದಿಲ್ಲ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಮೋರಿಯ ಹತ್ತಿರ ನನ್ನ ಜೊತೆ ಕೂತು ಪಾತ್ರೆ ತಿಕ್ಕಿದ ಹುಡುಗರಲ್ಲಿ ನನಗಿಂತ ಹಟದವರೂ ಚುರುಕಿನವರೂ ಇದ್ದರು. ಹಲವರು ಅಲ್ಲಿಯೇ ಸವೆದುಹೋದರು.

ನನಗೆ ಸಿಕ್ಕಿದ್ದು ಕಲಿಸುವ ಧಣಿ. ಪಾತ್ರೆಯಿಂದ ಟೇಬಲಿಗೆ, ಟೇಬಲಿನಿಂದ ಸಪ್ಲೈಗೆ, ಅಲ್ಲಿಂದ ಅಡುಗೆಮನೆಗೆ ನನ್ನನ್ನು ಅವರೇ ದಾಟಿಸಿದರು. ಮೇ ತಿಂಗಳ ಸೆಕೆಯಲ್ಲಿ ದೋಸೆಹಿಟ್ಟು ಬೇಗ ಹುಳಿಯುತ್ತದೆ, ತಂಪಿನ ದಿನಗಳಲ್ಲಿ ಉಬ್ಬುವುದೇ ಇಲ್ಲ. ರುಬ್ಬುವ ಹೊತ್ತನ್ನು ಅದಕ್ಕೆ ತಕ್ಕಂತೆ ಹಿಂದೆಮುಂದೆ ಮಾಡುವುದನ್ನು ಭಟ್ಟರ ಪಕ್ಕ ನಿಂತು ಕಲಿತೆ. ಬೈಕುಲಾ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿ, ನೀರುಳ್ಳಿ ಗೋಣಿಯ ಮೇಲಿನ ಸಾಲು ನೋಡಬೇಡ, ಅಡಿಗೆ ಕೈ ಹಾಕು ಎಂದು ಧಣಿ ಹೇಳಿಕೊಟ್ಟರು. ಆಮೇಲೆ ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಿದರು. ಹಾಲು ಎಷ್ಟು ಲೀಟರ್ ಬಂತು, ಚಾ ಕಾಫಿ ಎಷ್ಟು ಹೋಯಿತು, ಎರಡೂ ತಾಳೆಯಾಗದೆ ರಾತ್ರಿ ಊಟವಿಲ್ಲ. ದೋಸೆ ಹೊಯ್ಯಲು ಬಲ್ಲವರು ಸಾವಿರ ಜನ ಇದ್ದಾರೆ. ಒಂದು ದೋಸೆಗೆ ಎಷ್ಟು ಬಿತ್ತು ಎಂದು ಹೇಳಬಲ್ಲವರೇ ಮುಂದೆ ಧಣಿಗಳಾದದ್ದು.

ಇನ್ನೊಂದು ಸಂಗತಿಯನ್ನು ಈ ಕತೆ ಹೇಳುವವರು ಬಿಟ್ಟೇಬಿಡುತ್ತಾರೆ. ನಾವು ಶಾಲೆ ಬಿಟ್ಟವರು ನಿಜ, ಆದರೆ ಶಾಲೆ ನಮ್ಮನ್ನು ಬಿಟ್ಟಿರಲಿಲ್ಲ. ಮುಂಬಯಿಯಲ್ಲಿ ಕನ್ನಡ ರಾತ್ರಿ ಶಾಲೆಗಳಿದ್ದವು. ಮೊಗವೀರರು, ಬಿಲ್ಲವರು, ಹೀಗೆ ಊರಿನವರ ಸಂಘಗಳು ಹೋಟೆಲ್ ಹುಡುಗರಿಗಾಗಿಯೇ ಅವನ್ನು ನಡೆಸಿದವು. ಸಂಜೆ ಗಿರಾಕಿಗಳು ತುಂಬಿರುವ ಹೊತ್ತಿನಲ್ಲೇ ಧಣಿ ನಮ್ಮನ್ನು ಕ್ಲಾಸಿಗೆ ಬಿಡುತ್ತಿದ್ದರು. ಅವರಿಗೆ ಅದು ನಷ್ಟವೇ. ಬಡ್ಡಿ ಲೆಕ್ಕವನ್ನೂ ಮುನಿಸಿಪಾಲಿಟಿಯ ನೋಟಿಸು ಓದುವಷ್ಟು ಇಂಗ್ಲಿಷನ್ನೂ ನಾನು ಕಲಿತದ್ದು ಅಲ್ಲಿ.

ಇನ್ನು ಬಂಡವಾಳ. ಕಡಂದಲೆಯ ಕೆ. ಕೃಷ್ಣರಾಯರು ಮದರಾಸಿನಲ್ಲಿ ಅಡುಗೆಮನೆಯ ಕೆಲಸದಿಂದ ಮೇಲೆ ಬಂದವರು. ಅವರ ಧಣಿ ಹೋಟೆಲೊಂದನ್ನು ತಿಂಗಳ ಕಂತಿನ ಮೇಲೆ ಅವರಿಗೇ ಬಿಟ್ಟುಕೊಟ್ಟರು. ಮುಂದೆ ವುಡ್‌ಲ್ಯಾಂಡ್ಸ್ ಹೋಟೆಲುಗಳನ್ನು ಕಟ್ಟಿದವರು ಈ ಕೃಷ್ಣರಾಯರೇ. ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಪಿಗ್ಮಿ ಎಂಬ ದಿನದ ಉಳಿತಾಯ ಶುರುಮಾಡಿ, ದಿನಕ್ಕೆ ಎರಡಾಣೆಯನ್ನೂ ಮನೆ ಬಾಗಿಲಿಗೆ ಬಂದು ತೆಗೆದುಕೊಂಡರು. 1978ರಲ್ಲಿ ಬಿಲ್ಲವರು ಮುಂಬಯಿಯಲ್ಲಿ ಭಾರತ್ ಸಹಕಾರಿ ಬ್ಯಾಂಕ್ ಕಟ್ಟಿದರು. ನನ್ನ ಮೊದಲ ಸಾಲ ಸಹಕಾರಿ ಬ್ಯಾಂಕಿನದ್ದೇ. ಅಲ್ಲಿ ಮಾರ್ಕ್ಸ್ ಕಾರ್ಡ್ ಯಾರೂ ಕೇಳಲಿಲ್ಲ, ನನ್ನ ಪಿಗ್ಮಿ ಪುಸ್ತಕ ನೋಡಿದರು.

ಹಾಗೆಂದು ಆ ಕಾಲ ಚಿನ್ನದ್ದಾಗಿತ್ತು ಎಂದು ಹೇಳಲಾರೆ. ಹಳೆಯ ಉಡುಪಿ ಹೋಟೆಲುಗಳಲ್ಲಿ ಒಲೆಯ ಬಳಿ ಹೋಗಲು ಜಾತಿ ನೋಡುತ್ತಿದ್ದರು. ಸಂಘಗಳೂ ಬ್ಯಾಂಕುಗಳೂ ಜಾತಿಗೊಂದರಂತೆ ಹುಟ್ಟಿದ್ದರಿಂದ, ಸಂಘವಿಲ್ಲದ ಬಡ ಜಾತಿಯ ಹುಡುಗನಿಗೆ ಊರಿನವರ ಬಲವೂ ಇರಲಿಲ್ಲ. ಮಕ್ಕಳನ್ನು ದುಡಿಸಿದ್ದಂತೂ ತಪ್ಪೇ. 14 ವರ್ಷದೊಳಗಿನವರನ್ನು ಹೋಟೆಲಿಗೆ ಇಟ್ಟುಕೊಳ್ಳಬಾರದೆಂಬ ನಿಷೇಧ 2006ರ ಅಕ್ಟೋಬರಿನಲ್ಲಿ ಬಂತು. ಮೊದಲೇ ಬರಬೇಕಿತ್ತು. ನನ್ನ ಮೊಮ್ಮಕ್ಕಳಿಗೆ ಓದು ಬಿಡಿ ಎಂದು ನಾನು ಎಂದೂ ಹೇಳುವುದಿಲ್ಲ, ಬೇರೆಯವರ ಮಕ್ಕಳಿಗೂ ಹೇಳಬಾರದು.

ನನ್ನ ಚಿಂತೆ ಇರುವುದು ಹೇಗೋ ಓದು ನಿಂತುಹೋಗಿ ಹದಿನೆಂಟು, ಇಪ್ಪತ್ತು ದಾಟಿದವರ ಬಗ್ಗೆ. ಬೆನ್ನಿಗೆ ಚೀಲ ಹಾಕಿಕೊಂಡು ಬೈಕಿನಲ್ಲಿ ಊಟ ಮುಟ್ಟಿಸುವ ಹುಡುಗ ದಿನವಿಡೀ ಹೋಟೆಲುಗಳ ಬಾಗಿಲಲ್ಲೇ ಇರುತ್ತಾನೆ, ಒಳಗಿನ ಒಂದು ಕೆಲಸವನ್ನೂ ಅವನು ಕಲಿಯುವಂತಿಲ್ಲ. ಐದು ವರ್ಷ ಬಿಟ್ಟರೂ ಅದೇ ಚೀಲ, ಅದೇ ಬೈಕು. ಗುತ್ತಿಗೆಯ ಸೆಕ್ಯುರಿಟಿ, ಹೌಸ್‌ಕೀಪಿಂಗ್ ಕೆಲಸದವರ ಪಾಡೂ ಇಷ್ಟೇ. ಅವರಿಗೆ ಹೆಸರು ಹಿಡಿದು ಕರೆಯುವ ಧಣಿ ಇಲ್ಲ, ಸಂಜೆ ಕ್ಲಾಸಿಗೆ ಹೋಗು ಎನ್ನುವವರಿಲ್ಲ. ಇವರ ಮುಂದೆ ಹಟದ ಕತೆ ಹೇಳುವುದು ಅನ್ಯಾಯ. ಅವರು ಮೇಲೆ ಬಾರದಿದ್ದರೆ ತಪ್ಪು ಅವರದೇ ಎಂದು ನಾವು ಹೇಳಿದಂತಾಗುತ್ತದೆ.

ಕೈಕೆಲಸ ಬಲ್ಲವರನ್ನು ಪರೀಕ್ಷಿಸಿ ಸರ್ಟಿಫಿಕೇಟು ಕೊಡುವ ವ್ಯವಸ್ಥೆ 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿದೆ. ಆ ಕಾಗದ ತೋರಿಸಿದರೆ ಬ್ಯಾಂಕು ಸಾಲ ಕೊಡಬೇಕು, ಆಗಲೇ ಅದಕ್ಕೆ ಬೆಲೆ. ಊರಿನ ಸಂಘಗಳು ಕಲ್ಯಾಣಮಂಟಪ ಕಟ್ಟಿದ್ದು ಸಾಕು, ಸಂಜೆ ಶಾಲೆಗಳನ್ನು ಎಲ್ಲ ಜಾತಿಯವರಿಗೂ ತೆರೆಯಲಿ. ಹೋಟೆಲು, ಗ್ಯಾರೇಜು, ಅಂಗಡಿ ನಡೆಸುತ್ತಿರುವ ನಿಮ್ಮಲ್ಲಿ ನನ್ನದೊಂದು ಕೇಳಿಕೆ: ನಿಮ್ಮಲ್ಲಿ ದುಡಿಯುವ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಈ ತಿಂಗಳೇ ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಿ, ಲೆಕ್ಕ ಕಲಿಸಿ.