ಸಹಿಸಿಕೋ ಅನ್ನುವ ದೇವರು ಯಾರ ದೇವರು?

ನಮ್ಮ ಕೇರಿಗಳಲ್ಲಿ ನೀರಿಗೆ ಬರ ಬಂದಿದೆ, ಅನ್ನಕ್ಕೆ ಬರ ಬಂದಿದೆ. ಉಪದೇಶಕ್ಕೆ ಮಾತ್ರ ಎಂದೂ ಬರ ಬಂದಿಲ್ಲ. ಊರ ಕಡೆಯಿಂದ ಬಂದವರು 'ಇದು ನಿಮ್ಮ ಪೂರ್ವಜನ್ಮದ ಕರ್ಮ, ಅನುಭವಿಸಿ' ಅಂದರು. ಆ ಮಾತು ಕೇಳಿ ಕೇಳಿ ಸಾಕಾಗಿ ನಮ್ಮಲ್ಲಿ ಕೆಲವರು ಶಿಲುಬೆಯ ನೆರಳಿಗೆ ಹೋದರು. ಅಲ್ಲೂ ಒಬ್ಬ ಉಪದೇಶಿ ಕಾದು ನಿಂತಿದ್ದ. 'ಇದು ದೇವರ ಪರೀಕ್ಷೆ, ನಂಬಿಕೆಯಿಟ್ಟು ಸಹಿಸಿಕೋ, ಪರಲೋಕದಲ್ಲಿ ಪ್ರತಿಫಲ ಇದೆ' ಅಂದ. ಪುಸ್ತಕ ಬದಲಾಯಿತು. ಬಗ್ಗಿದ ಬೆನ್ನು ಹಾಗೇ ಇತ್ತು.

ಇದನ್ನು ಕಂಡೇ ನಮ್ಮ ಗೆಳೆಯರು ಸಭೆಗಳಲ್ಲಿ 'ದೇವರು ಅನ್ನೋನೆಲ್ಲ ಒಡೆಯನ ಏಜೆಂಟು' ಅಂತ ಗುಡುಗುತ್ತಾರೆ. ಚಪ್ಪಾಳೆ ಬೀಳುತ್ತದೆ. ಹಿಂದಿನ ಸಾಲಿನಲ್ಲಿ ಕೂತ ಒಬ್ಬ ಹಾಸ್ಟೆಲ್ ಹುಡುಗ ಅಂಗಿಯೊಳಗಿನ ಶಿಲುಬೆಯನ್ನು ಇನ್ನೂ ಒಳಕ್ಕೆ ತಳ್ಳುತ್ತಾನೆ. ಮುಂದಿನ ಸಭೆಗೆ ಬರುವುದಿಲ್ಲ. ದೇವರ ಪರವಾಗಿ ವಕಾಲತ್ತು ಹಾಕಲು ನಾನು ಬಂದಿಲ್ಲ. ಆದರೆ ಆ ಚಪ್ಪಾಳೆಗಿಂತ ಆ ಹುಡುಗ ಚಳವಳಿಗೆ ಮುಖ್ಯ ಅಂತ ತಿಳಿದವನು ನಾನು.

ಹಾಗಾದರೆ ಕೇಳೋಣ. ಭಯದಲ್ಲಿ, ಕಷ್ಟದಲ್ಲಿ ದೇವರನ್ನು ನಂಬುವುದು ಮನುಷ್ಯನನ್ನು ಏನು ಮಾಡುತ್ತದೆ? ಮಲಗಿಸುತ್ತದೆಯೋ, ಎಬ್ಬಿಸುತ್ತದೆಯೋ?

ಉತ್ತರಕ್ಕಾಗಿ ಒಬ್ಬ ತಾಯಿಯನ್ನು ನಿಮ್ಮ ಮುಂದೆ ನಿಲ್ಲಿಸುತ್ತೇನೆ. ಆಕೆ ಅಮೆರಿಕದವಳು. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ಅಲ್ಲಿನ ಬ್ಲ್ಯಾಕ್ ಪ್ಯಾಂಥರ್‌ಗಳ ಹೆಸರು ತಂದು ದಲಿತ್ ಪ್ಯಾಂಥರ್ಸ್ ಕಟ್ಟಿದರಲ್ಲ, ಅದೇ ಕಪ್ಪು ಜನದ ಪೈಕಿ.

ಹೆಸರು ಫ್ಯಾನಿ ಲೂ ಹೇಮರ್. ಹುಟ್ಟಿದ್ದು 1917, ಮಿಸಿಸಿಪ್ಪಿ ರಾಜ್ಯದಲ್ಲಿ. ಬಿಳಿಯ ಧಣಿಯ ಹೊಲದಲ್ಲಿ ಪಾಲಿಗೆ ದುಡಿಯುವ ಮನೆಯ 20ನೇ ಕೂಸು. ಆರು ವರ್ಷಕ್ಕೇ ಹತ್ತಿ ಬಿಡಿಸಲು ಇಳಿದಳು. 44 ವರ್ಷ ತುಂಬುವ ತನಕ ತನಗೂ ಓಟಿನ ಹಕ್ಕು ಇದೆ ಅನ್ನೋದೇ ಆಕೆಗೆ ಗೊತ್ತಿರಲಿಲ್ಲ. 1962ರ ಆಗಸ್ಟ್‌ನಲ್ಲಿ ರೂಲ್‌ವಿಲ್ ಎಂಬ ಊರಿನ ಚರ್ಚಿನಲ್ಲಿ ಸಭೆ ನಡೆಯಿತು. ವಿದ್ಯಾರ್ಥಿ ಚಳವಳಿಯ ಹುಡುಗರು ಬಂದು ಹೇಳಿದರು, ನಮಗೂ ಓಟಿದೆ ಅಂತ. ಯಾರು ಬರುತ್ತೀರಿ ಅಂದಾಗ ಈಕೆ ಕೈ ಎತ್ತಿದಳು.

ಆಗಸ್ಟ್ 31ರಂದು 18 ಜನ ಒಂದು ಹಳೇ ಬಸ್ಸಿನಲ್ಲಿ ಇಂಡಿಯಾನೋಲಾ ಪಟ್ಟಣಕ್ಕೆ ಹೋದರು. ಹೆಸರು ಬರೆಸಲು ಬಂದ ಕೂಲಿ ಹೆಂಗಸಿನ ಮುಂದೆ ಗುಮಾಸ್ತ ರಾಜ್ಯ ಸಂವಿಧಾನದ ಒಂದು ಭಾಗ ಇಟ್ಟು ಅರ್ಥ ಬರಿ ಅಂದ. ಪಾಠವನ್ನೇ ಕಲಿಸದೆ ಪರೀಕ್ಷೆ ಮಾಡೋದು! ನಮಗೂ ಗೊತ್ತಿರೋ ಆಟವೇ ಇದು. ಫೇಲು ಮಾಡಿ ಕಳಿಸಿದರು. ವಾಪಸು ಬರುವಾಗ ಪೊಲೀಸರು ಬಸ್ಸು ತಡೆದರು. ಬಸ್ಸಿನ ಹಳದಿ ಬಣ್ಣ ಸ್ಕೂಲ್ ಬಸ್ಸಿನ ಥರ ಇದೆ ಅಂತ ಡ್ರೈವರ್‌ಗೆ ದಂಡ! ಒಳಗಿದ್ದವರು ಗಡಗಡ ನಡುಗುತ್ತಿದ್ದರು. ಆಗ ಈ ತಾಯಿ ಚರ್ಚಿನ ಹಾಡು ಎತ್ತಿಕೊಂಡಳು. ಬಸ್ಸಿಗೆ ಧೈರ್ಯ ಬಂತು.

ಮನೆಗೆ ಬಂದರೆ ಧಣಿ ಕಾಯುತ್ತಿದ್ದ. ಅರ್ಜಿ ವಾಪಸು ತಗೋ, ಇಲ್ಲಾಂದ್ರೆ ಜಾಗ ಖಾಲಿ ಮಾಡು ಅಂದ. ಅರ್ಜಿ ಹಾಕಿದ್ದು ನಿಮಗೋಸ್ಕರ ಅಲ್ಲ, ನನಗೋಸ್ಕರ ಅಂದಳು. 18 ವರ್ಷ ಬೆವರು ಬಸಿದ ಜಾಗದಿಂದ ಅದೇ ರಾತ್ರಿ ಹೊರಬಿದ್ದಳು. ಹತ್ತು ದಿನದ ಮೇಲೆ, ಆಕೆಗೆ ಆಶ್ರಯ ಕೊಟ್ಟ ಮನೆಗೆ 16 ಗುಂಡು ಹಾರಿದವು. ಆಕೆ ನಿಲ್ಲಲಿಲ್ಲ. 1963ರ ಜನವರಿಯಲ್ಲಿ ಪರೀಕ್ಷೆ ಪಾಸಾದಳು.

ಅದೇ ವರ್ಷ ಜೂನ್ 9. ತರಬೇತಿ ಶಿಬಿರ ಮುಗಿಸಿ ಬರುತ್ತಿದ್ದವರನ್ನು ವಿನೋನಾ ಎಂಬಲ್ಲಿ ಬಂಧಿಸಿದರು. ಜೈಲಿನಲ್ಲಿ ಬಿಳಿಯ ಪೊಲೀಸರು ಇಬ್ಬರು ಕಪ್ಪು ಕೈದಿಗಳ ಕೈಗೆ ಲಾಠಿ ಕೊಟ್ಟು ಈಕೆಯನ್ನು ಹೊಡೆಸಿದರು. ಗಮನಿಸಿ ಗೆಳೆಯರೇ, ನಮ್ಮವರ ಕೈಯಿಂದಲೇ ನಮ್ಮ ಬೆನ್ನಿಗೆ! ಮೂತ್ರಪಿಂಡ ಕೆಟ್ಟಿತು, ಕಣ್ಣು ಮಂಜಾಯಿತು. ಆ ಪೆಟ್ಟು ಸಾಯುವ ತನಕ ಮೈಯಲ್ಲೇ ಉಳಿಯಿತು. ಹೊಡೆಸಿದವರನ್ನು ಬಿಳಿಯರೇ ತುಂಬಿದ ಜ್ಯೂರಿ ನಿರ್ದೋಷಿಗಳು ಅಂದಿತು.

ಅಂಥ ಜೈಲಿನಲ್ಲೂ ಅವರು ಹಾಡಿದರು. ಜೈಲರನ ಹೆಂಡತಿ ನೀರು ತಂದು ಕೊಟ್ಟಾಗ ಹೇಮರ್ ಆಕೆಗೆ ಬೈಬಲ್ ತೆಗೆದು ನೋಡು ಅಂದಳು. ಎಲ್ಲ ಜನಾಂಗಗಳ ರಕ್ತವೂ ಒಂದೇ ಅನ್ನುವ ಜಾಗವನ್ನು ತೋರಿಸಿಕೊಟ್ಟಳು. ಏಟು ತಿಂದವಳು ಹೊಡೆಸಿದವರ ಮನೆಯವಳಿಗೆ ಅವರ ಪುಸ್ತಕದಿಂದಲೇ ಪಾಠ ಹೇಳಿದಳು. ಇದು ಸಹನೆಯೇನು?

ಒಡೆಯರಿಗೆ ಈ ಪುಸ್ತಕದ ಅಪಾಯ ಬಹಳ ಹಿಂದೆಯೇ ಗೊತ್ತಿತ್ತು. 1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸಿನ ಗುಲಾಮರಿಗೋಸ್ಕರ ಅಂತಲೇ ಒಂದು ಬೈಬಲ್ ಅಚ್ಚು ಮಾಡಿದರು. ವಿಮೋಚನಕಾಂಡದಲ್ಲಿ ಮೋಶೆ ಫರೋಹನ ಎದುರು ನಿಂತು ತನ್ನ ಜನವನ್ನು ಬಿಡಿಸಿಕೊಂಡು ಹೋಗುವ ಕಥೆಯನ್ನು ಕಿತ್ತು ಹಾಕಿದರು. ಗುಲಾಮರು ಯಜಮಾನರಿಗೆ ವಿಧೇಯರಾಗಿರಬೇಕು ಅನ್ನುವ ಮಾತನ್ನು ಜೋಪಾನವಾಗಿ ಉಳಿಸಿದರು. ಅಂದರೆ 'ಸಹಿಸಿಕೋ' ಅನ್ನುವ ದೇವರನ್ನು ಕತ್ತರಿ ಹಿಡಿದು ತಯಾರು ಮಾಡಿದ್ದು ಒಡೆಯನೇ. ಕತ್ತರಿಸಿದ ಆ ಹಾಳೆಗಳನ್ನು ಕಪ್ಪು ಜನ ಹಾಡಿನಲ್ಲಿ ಬಚ್ಚಿಟ್ಟುಕೊಂಡು ಬಂದರು.

1963ರ ಏಪ್ರಿಲ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಊರಿನ ಎಂಟು ಮಂದಿ ಬಿಳಿಯ ಧರ್ಮಗುರುಗಳು ಪತ್ರಿಕೆಯಲ್ಲಿ ಹೇಳಿಕೆ ಕೊಟ್ಟರು. ಚಳವಳಿಗೆ ಇದು ಕಾಲವಲ್ಲ, ತಾಳ್ಮೆ ಇರಲಿ ಅಂತ. ಜೈಲಿನಲ್ಲಿದ್ದ ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಉದ್ದದ ಪತ್ರ ಬರೆದು ಉತ್ತರ ಕೊಟ್ಟರು. ಕಿಂಗರೂ ಪಾದ್ರಿಯೇ, ಆ ಎಂಟು ಮಂದಿಯೂ ದೇವರ ಸೇವಕರೇ. ಒಬ್ಬ ಜೈಲಿನಲ್ಲಿದ್ದ, ಉಳಿದವರು ಹೊರಗಿದ್ದು ಕಾಯಿರಿ ಅಂತಿದ್ದರು. ಯಾರ ದೇವರು ಯಾವ ಕಡೆ ಇದ್ದ ಅಂತ ಇನ್ನು ನಾನು ಹೇಳಬೇಕೆ?

ನಂಬಿಕೆ ಹೇಮರ್‌ಳನ್ನು ಲಾಠಿಯಿಂದ ಕಾಪಾಡಲಿಲ್ಲ. ಇದನ್ನು ಮುಚ್ಚಿಟ್ಟು 'ದೇವರು ಕಾಯುತ್ತಾನೆ' ಅನ್ನೋನು ಸುಳ್ಳುಗಾರ. ನಂಬಿಕೆ ಮಾಡಿದ್ದು ಒಂದೇ ಕೆಲಸ: ಧಣಿಗಿಂತ ದೊಡ್ಡವನೊಬ್ಬ ಇದ್ದಾನೆ ಅಂತ ಆಕೆಗೆ ಅನ್ನಿಸಿತು, ಧಣಿ ಚಿಕ್ಕವನಾಗಿಬಿಟ್ಟ. ಉಳಿದದ್ದನ್ನು ಮಾಡಿದ್ದು ಸಂಘಟನೆ. ಬಸ್ಸು ಬಾಡಿಗೆಗೆ ಹಿಡಿದವರು, ಹೆಸರು ಪಟ್ಟಿ ಮಾಡಿದವರು, ಜಾಮೀನು ತಂದವರು. ಹಾಡು ಮಾತ್ರ ಇದ್ದು ಬಸ್ಸು ಇಲ್ಲದಿದ್ದರೆ ಆ 18 ಜನ ಇಂಡಿಯಾನೋಲಾ ಮುಟ್ಟುತ್ತಿರಲಿಲ್ಲ. 1964ರಲ್ಲಿ ಆಕೆ ಡೆಮಾಕ್ರಟಿಕ್ ಪಕ್ಷದ ಅಧಿವೇಶನದ ಸಮಿತಿಯ ಮುಂದೆ ಈ ಕಥೆ ಹೇಳಲು ಕೂತಾಗ ಅಧ್ಯಕ್ಷ ಜಾನ್ಸನ್ ದಿಢೀರನೆ ಪತ್ರಿಕಾಗೋಷ್ಠಿ ಕರೆದು ಟಿವಿ ಕ್ಯಾಮೆರಾಗಳನ್ನು ತನ್ನ ಕಡೆ ಎಳೆದುಕೊಂಡ. ಹತ್ತಿ ಬಿಡಿಸುವ ಹೆಂಗಸಿಗೆ ಅಮೆರಿಕದ ಅಧ್ಯಕ್ಷ ಹೆದರಿದ! ಆ ರಾತ್ರಿಯೇ ಆಕೆಯ ಮಾತು ದೇಶಕ್ಕೆಲ್ಲ ಕೇಳಿಸಿತು. 1965ರಲ್ಲಿ ಮತದಾನ ಹಕ್ಕಿನ ಕಾಯ್ದೆ ಬಂತು.

ಈಗ ನಮ್ಮ ಅಂಗಳಕ್ಕೆ ಬರೋಣ. ಇಲ್ಲಿ ಕ್ರಿಸ್ತನನ್ನು ನಂಬಿದ ದಲಿತನಿಗೆ ಎರಡು ಕಡೆಯಿಂದ ಏಟು. 1950ರ ರಾಷ್ಟ್ರಪತಿ ಆದೇಶದ ಮೂರನೇ ಪ್ಯಾರಾ ಆತನನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟಿದೆ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಈತನಿಗೆ ಬಾಗಿಲು ಇನ್ನೂ ತೆರೆದಿಲ್ಲ. ಸರ್ಕಾರ 'ನಿನಗೆ ಜಾತಿ ಇಲ್ಲ' ಅನ್ನುತ್ತದೆ. ಚರ್ಚಿನಲ್ಲಿ ಮಾತ್ರ ಜಾತಿ ಇದೆ. ದಕ್ಷಿಣದ ಎಷ್ಟೋ ಕಡೆ ದಲಿತ ಕ್ರೈಸ್ತರ ಹೆಣಕ್ಕೆ ಸ್ಮಶಾನವೇ ಬೇರೆ. ಮಣ್ಣಿನಡಿಯಲ್ಲೂ ಗೋಡೆ! ಈ ಗೋಡೆಯ ಬಗ್ಗೆ ಬಾಯಿ ಬಿಡದ ಪಾದ್ರಿ 'ದೇವರಲ್ಲಿ ಭರವಸೆ ಇಡು' ಅಂದರೆ, ಸ್ವಾಮಿ, ಮೊದಲು ನೀವು ಇಡಿ. ಭರವಸೆ ಇದ್ದರೆ ಹೋಗಿ ಆ ಗೋಡೆ ಕೆಡವಿ.

ನಮ್ಮ ಹಾಸ್ಟೆಲ್ ಗೆಳೆಯರಿಗೂ ಒಂದು ಮಾತು. ರಾತ್ರಿ ಪಕ್ಕದ ಹಾಸಿಗೆಯಲ್ಲಿ ಒಬ್ಬ ಪ್ರಾರ್ಥನೆ ಮಾಡುತ್ತಿದ್ದರೆ ನಗಬೇಡಿ. ಬೆಳಿಗ್ಗೆ ಆತನನ್ನು ಕೇಳಿ: ನಿನ್ನ ದೇವರು ಯಾರ ಭಯ ಬಿಡಿಸಿದ? ವಾರ್ಡನ್ನಿನದೋ, ಜಮೀನ್ದಾರನದೋ, ಪೊಲೀಸಿನದೋ? ಬಿಡಿಸಿದ್ದರೆ ಕೈ ಹಿಡಿದು ಮೆರವಣಿಗೆಗೆ ಕರೆತನ್ನಿ, ಆತ ಹಾಡುತ್ತಲೇ ಬರಲಿ. ಬಿಡಿಸಿಲ್ಲದಿದ್ದರೆ, ಕತ್ತರಿಸಿದ ಹಾಳೆಗಳು ಯಾವುವು ಅಂತ ಕೂತು ಇಬ್ಬರೂ ಓದಿ.

ದೇವರನ್ನು ನಂಬದ ಶೂರರೂ ಅದೇ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳಲಿ. ದೇವರ ಭಯ ಬಿಟ್ಟಿರಿ, ಸಂತೋಷ. ಧಣಿಯ ಭಯ ಬಿಟ್ಟಿರಾ?