ಹಿರಿಯರ ಸ್ಥಾನಕ್ಕೆ ಹಿರಿಯರು
ಮೂವತ್ತು ತುಂಬುವ ಮೊದಲೇ, 1996ರಲ್ಲಿ ಲೋಕಸಭೆಯನ್ನು ಪ್ರವೇಶಿಸಿ ಒಟ್ಟು ಆರು ಬಾರಿ ಆರಿಸಿಬಂದ ಅನಂತಕುಮಾರ ಹೆಗಡೆಯವರಿಗೆ 2024ರಲ್ಲಿ ಅವರ ಪಕ್ಷವೇ ಟಿಕೆಟು ನಿರಾಕರಿಸಿದಾಗ, ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹೊಸ ತಲೆಮಾರಿಗೆ ದಾರಿ ತೆರೆಯಿತೆಂದು ಭಾವಿಸುವುದು ಸಹಜವಾಗಿದ್ದಿತಾದರೂ, ಆ ಸ್ಥಾನಕ್ಕೆ ನಿಂತು ಗೆದ್ದ ವಿಶ್ವೇಶ್ವರ ಹೆಗಡೆ ಕಾಗೇರಿಯವರು ವಯಸ್ಸಿನಲ್ಲಿ ಅವರಿಗಿಂತಲೂ ಹಿರಿಯರು. 1994ರಿಂದ 2023ರವರೆಗೆ ಶಾಸಕರಾಗಿ, ಕಡೆಯ ವರ್ಷಗಳಲ್ಲಿ ವಿಧಾನಸಭಾಧ್ಯಕ್ಷರಾಗಿ ಪಳಗಿದವರು. ಅನುಭವವನ್ನು ಲಘುವಾಗಿ ಕಾಣುವವರು ನಾವಲ್ಲ. ಆದರೆ ಉಮ್ಮಚಗಿಯಂತಹ ಊರುಗಳ ತರುಣರು, ಎಲೆಚುಕ್ಕೆ ರೋಗ ತಗುಲಿದ ಅಡಿಕೆ ತೋಟವನ್ನು ವೃದ್ಧ ತಂದೆತಾಯಿಗಳ ಪಾಲಿಗೆ ಬಿಟ್ಟು ಬೆಂಗಳೂರು ಸೇರಿ, ಮತ ಹಾಕಲೆಂದು ರಾತ್ರಿ ಬಸ್ಸಿನಲ್ಲಿ ಬಂದು ಮರುದಿನವೇ ಮರಳುತ್ತಿರುವಾಗ, ಊರಿನಲ್ಲಿಯೇ ಉಳಿದು ಗ್ರಾಮ ಪಂಚಾಯತಿಯಲ್ಲಿಯೂ ಸಹಕಾರಿ ಸಂಘದಲ್ಲಿಯೂ ದುಡಿಯುತ್ತಿರುವ ಯುವಕ ಯುವತಿಯರ ಹೆಸರನ್ನು ಪಕ್ಷಗಳು ಮುಂದಿನ ಚುನಾವಣೆಗೆ ಮುನ್ನ ಗಂಭೀರವಾಗಿ ಪರಿಶೀಲಿಸಬೇಕೆಂದು ನಾವು ಆಗ್ರಹಪೂರ್ವಕವಾಗಿ ಕೇಳುತ್ತೇವೆ.