ಇಂಗ್ಲಿಷ್ ಕೇಳಿದವರಿಗೆ ಬೋರ್ಡು ಕೊಟ್ಟರು

ಅಕ್ಟೋಬರ್ ಕೊನೆಯ ವಾರ ನಮ್ಮ ಬೀದಿಯ ಇಸ್ತ್ರಿ ಅಂಗಡಿಯವರು ಮಗಳ ಶಾಲೆಯ ಡೈರಿ ಹಿಡಿದುಕೊಂಡು ಮನೆಗೆ ಬಂದರು. ‘ಏನೋ ಬರೆದು ಕಳಿಸಿದ್ದಾರೆ, ಫೀಸಿನ ವಿಷಯವಾ ನೋಡಿ ಸಾರ್’ ಅಂದರು. ಫೀಸಿನ ವಿಷಯ ಆಗಿರಲಿಲ್ಲ. ನವೆಂಬರ್ 1ರಂದು ಕನ್ನಡ ರಾಜ್ಯೋತ್ಸವ, ಮಕ್ಕಳು ಸಾಂಪ್ರದಾಯಿಕ ಉಡುಪಿನಲ್ಲಿ ಬರತಕ್ಕದ್ದು ಎಂದು ಅಚ್ಚ ಇಂಗ್ಲಿಷಿನಲ್ಲಿ ಬರೆದಿತ್ತು. ನಾನು ನಕ್ಕೆ. ಅವರು ನಗಲಿಲ್ಲ. ‘ನಮಗೆ ಇದನ್ನ ಓದೋಕೆ ಬರಲ್ಲ ಅಂತಾನೇ ಅಲ್ವಾ ಅವಳನ್ನ ಅಲ್ಲಿಗೆ ಸೇರಿಸಿದ್ದು’ ಅಂದರು.

ಈ ಮಾತಿಗೆ ಉತ್ತರವಿಲ್ಲದೆ ಕನ್ನಡ ಮಾಧ್ಯಮದ ಪರವಾಗಿ ವಾದಿಸುವುದು ಸುಳ್ಳು. ನಾನು ಕನ್ನಡ ಮಾಧ್ಯಮದ ಪರ. ಆದರೂ ಮೊದಲು ನಮ್ಮವರದೇ ಲೆಕ್ಕ ನೋಡಬೇಕು. ಸಮ್ಮೇಳನದ ವೇದಿಕೆಯಲ್ಲಿ ಕನ್ನಡ ಶಾಲೆಗಾಗಿ ಗಂಟಲು ಹರಿದುಕೊಂಡು, ಇಳಿದು ಬಂದ ಮೇಲೆ ಮೊಮ್ಮಗನ ಐಸಿಎಸ್‌ಇ ಅಂಕ ಹೇಳಿಕೊಳ್ಳುವವರು ನಮ್ಮಲ್ಲಿ ಒಬ್ಬಿಬ್ಬರಲ್ಲ. ಕನ್ನಡ ಉಳಿಸುವ ಕೆಲಸವನ್ನು ನಾವು ಇಸ್ತ್ರಿಯವರ ಮಗಳಿಗೆ, ಗಾರೆಯವರ ಮಗನಿಗೆ ವಹಿಸಿಕೊಟ್ಟು ಕೂತಿದ್ದೇವೆ.

ಸರ್ಕಾರದ ಕಥೆ ಇನ್ನೂ ವಿಚಿತ್ರ. 1994ರ ಏಪ್ರಿಲ್‌ನಲ್ಲಿ ಒಂದರಿಂದ ನಾಲ್ಕನೇ ತರಗತಿಯವರೆಗೆ ತಾಯ್ನುಡಿ ಅಥವಾ ಕನ್ನಡವೇ ಮಾಧ್ಯಮ ಎಂದು ಆದೇಶ ಹೊರಟಿತು. ಖಾಸಗಿ ಶಾಲೆಗಳು ಕೋರ್ಟಿಗೆ ಹೋದವು. ಕನ್ನಡ ಮಾಧ್ಯಮದ ಪರವಾನಗಿ ಪಡೆದು ಒಳಗೆ ಇಂಗ್ಲಿಷಿನಲ್ಲಿ ಪಾಠ ನಡೆಸುತ್ತಿದ್ದ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆ ರದ್ದುಮಾಡಲು 2006ರಲ್ಲಿ ಸರ್ಕಾರ ಹೊರಟಿತು. ಎರಡು ಸಾವಿರ ಶಾಲೆಗಳು ವರ್ಷಗಟ್ಟಲೆ ಸುಳ್ಳು ಹೇಳಿದ್ದವು, ತಪಾಸಣೆಗೆ ಬಂದ ಸಾಹೇಬರುಗಳು ಚಹಾ ಕುಡಿದು ಹೋಗಿದ್ದರು. 2008ರಲ್ಲಿ ಹೈಕೋರ್ಟಿನಲ್ಲಿ ಸರ್ಕಾರ ಸೋತಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಖಾಸಗಿ ಶಾಲೆಗಳ ಮೇಲೆ ಮಾಧ್ಯಮ ಹೇರುವಂತಿಲ್ಲ ಎಂದು ಹೇಳಿ ಮುಗಿಸಿತು. ಮಗುವಿನ ತಾಯ್ನುಡಿ ಯಾವುದೆಂದು ಹೇಳಬೇಕಾದವರು ತಂದೆತಾಯಿಯೇ ಹೊರತು ಸರ್ಕಾರವಲ್ಲ ಎಂದೂ ಅದೇ ತೀರ್ಪು ಹೇಳಿತು.

ಅಲ್ಲಿಗೆ ತಾಯ್ನುಡಿಗಾಗಿ ಇಪ್ಪತ್ತು ವರ್ಷ ಕೋರ್ಟು ಹತ್ತಿದ ಸರ್ಕಾರ ಮುಂದೇನು ಮಾಡಿತು? 2019ರಲ್ಲಿ ತನ್ನದೇ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು. ಆ ವರ್ಷದ ಜನವರಿಯಲ್ಲಿ ಧಾರವಾಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಚಂದ್ರಶೇಖರ ಕಂಬಾರರು ವಿರೋಧಿಸಿದರು. ಯಾರೂ ಕೇಳಲಿಲ್ಲ. ಸರ್ಕಾರ ಬದಲಾದರೂ ಬೋರ್ಡು ಬದಲಾಗಲಿಲ್ಲ. ದ್ವಿಭಾಷಾ ವಿಭಾಗ ಎಂಬ ಹೆಸರಿನಲ್ಲಿ ಹೆಚ್ಚುತ್ತಲೇ ಇದೆ.

ಆ ತರಗತಿಯೊಳಗೆ ಹೋಗಿ ನೋಡಿ. ಕೋಣೆ ಅದೇ, ಮೇಷ್ಟ್ರು ಅವರೇ. ನಿನ್ನೆಯವರೆಗೆ ಕನ್ನಡದಲ್ಲಿ ಪರಿಸರ ಅಧ್ಯಯನ ಹೇಳಿಕೊಡುತ್ತಿದ್ದವರಿಗೆ ಒಂದು ಚಿಕ್ಕ ತರಬೇತಿ ಕೊಟ್ಟು ಇವತ್ತಿನಿಂದ ಇಂಗ್ಲಿಷಿನಲ್ಲಿ ಹೇಳಿ ಅಂದಿದ್ದಾರೆ. ಪಾಪ, ಅವರು ಪುಸ್ತಕದ ಸಾಲನ್ನು ಇಂಗ್ಲಿಷಿನಲ್ಲಿ ಓದುತ್ತಾರೆ, ಅರ್ಥವನ್ನು ಕನ್ನಡದಲ್ಲಿ ಹೇಳುತ್ತಾರೆ, ಉತ್ತರವನ್ನು ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಮಕ್ಕಳು ಅಕ್ಷರ ಅಕ್ಷರ ನಕಲು ಮಾಡಿ ಬಾಯಿಪಾಠ ಮಾಡುತ್ತಾರೆ. ‘ದಿ ಕೌ ಗಿವ್ಸ್ ಅಸ್ ಮಿಲ್ಕ್’ ಎಂದು ಒಂದೇ ಉಸಿರಿಗೆ ಒಪ್ಪಿಸುವ ಹುಡುಗನನ್ನು ‘ನಿಮ್ಮ ಮನೇಲಿ ಹಸು ಎಷ್ಟು ಹಾಲು ಕೊಡುತ್ತೆ’ ಎಂದು ಇಂಗ್ಲಿಷಿನಲ್ಲಿ ಕೇಳಿ, ನಿಮ್ಮ ಮುಖವನ್ನೇ ನೋಡುತ್ತಾನೆ.

ಇನ್ನೊಂದು ಸಂಗತಿಯನ್ನು ಎಲ್ಲರೂ ಮರೆತಿದ್ದಾರೆ. ನಮ್ಮ ಕನ್ನಡ ಶಾಲೆಗಳಲ್ಲಿ 2007ರಿಂದಲೇ ಒಂದನೇ ತರಗತಿಗೆ ಇಂಗ್ಲಿಷ್ ಒಂದು ಭಾಷೆಯಾಗಿ ಇದೆ. ಆಗ ಸೇರಿದ ಮಗು ಹತ್ತು ವರ್ಷ ಇಂಗ್ಲಿಷ್ ಕಲಿತು ಎಸ್ಸೆಸ್ಸೆಲ್ಸಿ ಮುಗಿಸಿದೆ. ಹತ್ತು ವರ್ಷದ ಮೇಲೂ ಅದಕ್ಕೆ ಒಂದು ರಜಾ ಅರ್ಜಿಯನ್ನು ಸ್ವಂತವಾಗಿ ಬರೆಯಲು ಬರದಿದ್ದರೆ, ನಾವು ಇಂಗ್ಲಿಷನ್ನು ಕಲಿಸಿಲ್ಲ ಎಂದರ್ಥ. ಇದಕ್ಕೆ ಸರ್ಕಾರ ಕಂಡುಕೊಂಡ ಮದ್ದು ಏನೆಂದರೆ, ಯಾವ ಭಾಷೆಯನ್ನು ಕಲಿಸಲಾಗಲಿಲ್ಲವೋ ಅದೇ ಭಾಷೆಯಲ್ಲಿ ಗಣಿತ, ವಿಜ್ಞಾನ, ಸಮಾಜ ಎಲ್ಲವನ್ನೂ ಕಲಿಸುವುದು! ಈಜು ಬಾರದ ಮಗುವನ್ನು ತುಂಬಿದ ಹೊಳೆಗೆ ನೂಕಿದ ಹಾಗೆ.

ಇಸ್ತ್ರಿಯವರು ಕೇಳುತ್ತಿರುವುದು ಇಂಗ್ಲಿಷನ್ನು, ಅದು ಅವರ ಹಕ್ಕು. ಅವರಿಗೆ ಸಿಗುತ್ತಿರುವುದು ಇಂಗ್ಲಿಷ್ ಮಾಧ್ಯಮ ಎಂಬ ಬೋರ್ಡು. ಎರಡರ ನಡುವಿನ ವ್ಯತ್ಯಾಸ ಅವರಿಗೆ ತಿಳಿಯದಿರಬಹುದು. ಶಿಕ್ಷಣ ಇಲಾಖೆಗೆ ಚೆನ್ನಾಗಿ ಗೊತ್ತು.

ಕನ್ನಡದಲ್ಲಿ ಒಳ್ಳೆಯ ಪಾಠ ಸಾಧ್ಯವೇ ಇಲ್ಲ ಎನ್ನುವವರಿಗೆ ಎಚ್.ಡಿ. ಕೋಟೆ ನೆನಪಿಸಬೇಕು. ‘ನಲಿ-ಕಲಿ’ ಹುಟ್ಟಿದ್ದು 1990ರ ದಶಕದ ನಡುವಿನಲ್ಲಿ, ಆ ಹಿಂದುಳಿದ ತಾಲ್ಲೂಕಿನಲ್ಲಿ. ಋಷಿ ಕಣಿವೆಯ ಶಾಲೆಗಳನ್ನು ನೋಡಿ ಬಂದ ಸರ್ಕಾರಿ ಶಾಲೆಯ ಮೇಷ್ಟ್ರುಗಳೇ ಕಾರ್ಡು, ಏಣಿ, ಹಾಡು, ಆಟ ಎಲ್ಲವನ್ನೂ ಕನ್ನಡದಲ್ಲಿ ಕಟ್ಟಿದರು. ಮಗು ತನ್ನ ವೇಗದಲ್ಲಿ ಏಣಿಯ ಮೆಟ್ಟಿಲು ಹತ್ತುತ್ತದೆ, ಮೇಷ್ಟ್ರು ನೆಲದ ಮೇಲೆ ಮಕ್ಕಳ ಜೊತೆ ಕೂರುತ್ತಾರೆ. ಕೊನೆಗೆ ಅದು ಇಡೀ ರಾಜ್ಯಕ್ಕೆ ಬಂತು. ರಾಜ್ಯಕ್ಕೆಲ್ಲ ಹರಡುವಾಗ ಅದರ ಜೀವ ಎಷ್ಟು ಉಳಿಯಿತು ಎಂಬುದು ಬೇರೆ ಮಾತು. ಒಬ್ಬರೇ ಮೇಷ್ಟ್ರು ಮೂರು ತರಗತಿ ನೋಡಿಕೊಂಡು, ಮೊಟ್ಟೆಯ ಲೆಕ್ಕ ಬರೆದು, ಗಣತಿಗೂ ಹೋಗಬೇಕಾದಲ್ಲಿ ಯಾವ ಏಣಿಯೂ ನಿಲ್ಲುವುದಿಲ್ಲ.

ಕನ್ನಡ ಮಾಧ್ಯಮದ ಪುಸ್ತಕವೇನೂ ಹಾಲುಜೇನಲ್ಲ. ‘ದ್ಯುತಿಸಂಶ್ಲೇಷಣೆ’ ಯಾವ ಮಗುವಿನ ತಾಯ್ನುಡಿ? ಎಲೆ ಬಿಸಿಲಿನಲ್ಲಿ ಅಡುಗೆ ಮಾಡಿಕೊಳ್ಳುತ್ತದೆ ಎಂದು ಹೇಳಿದರೆ ಮಂಡ್ಯದ ಹುಡುಗಿಗೂ ತಿಳಿಯುತ್ತದೆ, ಬೀದರಿನ ಹುಡುಗನಿಗೂ ತಿಳಿಯುತ್ತದೆ. ತಾಂಡಾದ ಲಂಬಾಣಿ ಮಗುವಿಗೆ, ಕರಾವಳಿಯ ತುಳು, ಬ್ಯಾರಿ ಮಕ್ಕಳಿಗೆ ಕನ್ನಡವೇ ಎರಡನೆಯ ಭಾಷೆ ಎಂಬುದನ್ನೂ ನಾವು ನುಂಗಿಕೊಂಡೇ ‘ಮಾತೃಭಾಷೆ’ ಎನ್ನುತ್ತೇವೆ. ಕಾಸರಗೋಡಿನ ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರನ್ನು ಕಳಿಸಿದರೆ ನಾವು ಕೂಗುತ್ತೇವೆ, ಕೂಗಲೇಬೇಕು. ಅದೇ ಕೂಗನ್ನು ತಾಂಡಾದ ಮಗುವಿಗಾಗಿ ಯಾರು ಹಾಕಿದ್ದೇವೆ?

ಇಷ್ಟೆಲ್ಲ ಸಹಿಸಿ ಕನ್ನಡದಲ್ಲೇ ಓದಿದವನ ಗತಿ ಏನು? ಪಿಯುಸಿ ವಿಜ್ಞಾನಕ್ಕೆ ಸೇರಿದ ದಿನ ನೆಲ ಕುಸಿಯುತ್ತದೆ. ಅದನ್ನೂ ದಾಟಿ ಕೆಎಎಸ್ ಬರೆಯಲು ಹೋದರೆ, 2024ರ ಆಗಸ್ಟ್‌ನಲ್ಲಿ ಆದಂತೆ, ಪ್ರಶ್ನೆಪತ್ರಿಕೆಯ ಕನ್ನಡ ಅರ್ಥವೇ ಆಗುವುದಿಲ್ಲ. ಇಂಗ್ಲಿಷಿನಿಂದ ಅನುವಾದ ಮಾಡಿದ ಆ ಪ್ರಶ್ನೆಗಳು ಎಷ್ಟು ಕೆಟ್ಟಿದ್ದವೆಂದರೆ ಮುಖ್ಯಮಂತ್ರಿಯೇ ಮರುಪರೀಕ್ಷೆಗೆ ಸೂಚಿಸಬೇಕಾಯಿತು. ಡಿಸೆಂಬರ್‌ನಲ್ಲಿ ನಡೆದ ಮರುಪರೀಕ್ಷೆಯಲ್ಲೂ ತಪ್ಪುಗಳು. ಕನ್ನಡನಾಡಿನ ಅಧಿಕಾರಿಗಳನ್ನು ಆರಿಸುವ ಪರೀಕ್ಷೆಯಲ್ಲಿ ಕನ್ನಡ ಎರಡು ಸಲ ಫೇಲಾಯಿತು. ತಮಿಳುನಾಡು ತಮಿಳು ಮಾಧ್ಯಮದಲ್ಲಿ ಓದಿದವರಿಗೆ ಸರ್ಕಾರಿ ನೌಕರಿಯಲ್ಲಿ ಶೇ 20ರಷ್ಟು ಮೀಸಲಿಟ್ಟಿದೆ. ನಮ್ಮಲ್ಲಿ ಕನ್ನಡ ಮಾಧ್ಯಮಕ್ಕೆ ಶೇ 5. ಇಸ್ತ್ರಿಯವರಿಗೆ ಈ ಅಂಕಿ ಗೊತ್ತಿಲ್ಲ, ಆದರೆ ಗಾಳಿ ಯಾವ ಕಡೆ ಬೀಸುತ್ತದೆ ಎಂದು ಗೊತ್ತು.

ಆದ್ದರಿಂದ ಅಂಗಡಿಯ ನಾಮಫಲಕದಲ್ಲಿ ಶೇ 60 ಕನ್ನಡ ಇದೆಯೇ ಎಂದು ಅಳೆಯುವ ಉತ್ಸಾಹದಲ್ಲಿ ಕಾಲುಭಾಗವನ್ನು ಶಾಲೆಯ ಕಡೆ ತಿರುಗಿಸಿ. ಐದನೇ ತರಗತಿಯವರೆಗೆ ಪಾಠ ಕನ್ನಡದಲ್ಲಿ ಅಥವಾ ಮಗುವಿನ ಮನೆಮಾತಿನಲ್ಲೇ ನಡೆಯಲಿ. 2025ರಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ಕೂಡ ಸರ್ಕಾರಕ್ಕೆ ಇದನ್ನೇ ಹೇಳಿದೆ. ಜೊತೆಗೆ ಪ್ರತಿ ಶಾಲೆಗೂ ಇಂಗ್ಲಿಷನ್ನು ಭಾಷೆಯಾಗಿ ಕಲಿಸಬಲ್ಲ, ಇಂಗ್ಲಿಷ್ ಮಾತಾಡಬಲ್ಲ ಒಬ್ಬ ಮೇಷ್ಟ್ರು ಬೇಕು. ಅತಿಥಿ ಶಿಕ್ಷಕರ ಹೆಸರಿನ ಹತ್ತು ತಿಂಗಳ ಕೂಲಿ ಸಾಲದು, ಕಾಯಂ ನೇಮಕವೇ ಆಗಬೇಕು.

ಶಿಕ್ಷಣ ಸಚಿವರಲ್ಲಿ ಒಂದೇ ಕೋರಿಕೆ. ಈ ನವೆಂಬರ್ 1ರ ಭಾಷಣದಲ್ಲಿ ಪಂಪ, ಬಸವಣ್ಣ, ಕುವೆಂಪು ಎಲ್ಲರೂ ಬಂದುಹೋಗಲಿ. ಅದರ ಕೊನೆಗೆ ಒಂದು ಸಂಖ್ಯೆ ಓದಿಬಿಡಿ: ಈ ವರ್ಷ ಕನ್ನಡ ಶಾಲೆಗಳಿಗೆ ಎಷ್ಟು ಇಂಗ್ಲಿಷ್ ಶಿಕ್ಷಕರನ್ನು ಕಾಯಂ ಆಗಿ ನೇಮಿಸಿದ್ದೀರಿ?